ಸ್ಪೇನಿನ ಹಳ್ಳಿ, ಪರದೇಶಿಯ ಬೇಸಿಗೆ

ನಮ್ಮಲ್ಲಿ ಆಗಸ್ಟ್ ಎಂದರೆ ಆಶ್ಲೇಷಾ, ಮಘಾ ಮಳೆಗಳ ತಿಂಗಳು. ಗದ್ದೆಯಲ್ಲಿ ನೀರು ನಿಂತಿರುತ್ತದೆ, ಕೊಡೆ ಬಾಗಿಲ ಮೂಲೆಯಲ್ಲೇ ಇರುತ್ತದೆ. ಅದೇ ತಿಂಗಳಿನಲ್ಲಿ ಸ್ಪೇನ್ ದೇಶದ ದಕ್ಷಿಣಕ್ಕಿರುವ ಆಂದಲೂಸಿಯಾದಲ್ಲಿ ಮೋಡ ಕಾಣುವುದೇ ಅಪರೂಪ. ವಸಂತದ ಕೊನೆಗೆ ನಿಂತುಹೋದ ಮಳೆ ಸೆಪ್ಟೆಂಬರ್ ಮುಗಿಯುವವರೆಗೆ ಮತ್ತೆ ಬಂದೀತೆಂಬ ಭರವಸೆ ಇಲ್ಲ. ಸುಣ್ಣ ಬಳಿದ ಗೋಡೆಗಳು ಕಣ್ಣು ಕುಕ್ಕುತ್ತವೆ. ಮಧ್ಯಾಹ್ನ ಊಟದ ಹೊತ್ತಿನಿಂದ ಸಂಜೆಯವರೆಗೆ ಬೀದಿಯಲ್ಲಿ ನಾಯಿಯೂ ತಿರುಗುವುದಿಲ್ಲ. ಹೊತ್ತು ಮುಳುಗಿದ ಮೇಲೆ ಊರು ಏಳುತ್ತದೆ. ಪ್ರತಿ ಮನೆಯಿಂದಲೂ ಒಂದೊಂದು ಕುರ್ಚಿ ಬೀದಿಗೆ ಬರುತ್ತದೆ. ನಮ್ಮ ಹಳ್ಳಿಗಳ ಜಗಲಿಕಟ್ಟೆಯ ಹಾಗೆ ಅಲ್ಲಿ ಮಾತು ನಡುರಾತ್ರಿಯವರೆಗೂ ನಡೆಯುತ್ತದೆ. 2021ರ ಆಗಸ್ಟಿನಲ್ಲಿ ಕಾದಿಸ್ ಪ್ರಾಂತದ ಅಲ್ಗಾರ್ ಎಂಬ ಪುಟ್ಟ ಊರಿನ ಮೇಯರ್, ಈ ಬೀದಿ ಹರಟೆಯನ್ನು ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿಸಬೇಕೆಂದು ಪ್ರಯತ್ನಕ್ಕಿಳಿದದ್ದು ದೊಡ್ಡ ಸುದ್ದಿಯಾಗಿತ್ತು.

ಈ ಕುರ್ಚಿಗಳ ಸಾಲಿನಲ್ಲಿ ಕಳೆದ ನೂರು ವರ್ಷಗಳಿಂದ ಪರದೇಶದವರದೂ ಒಂದು ಕುರ್ಚಿ ಇದೆ. ಕೆಲವರು ಇಂಗ್ಲೆಂಡಿನಿಂದ ಬಂದವರು, ಕೆಲವರು ಜರ್ಮನಿಯಿಂದ, ಹಾಲೆಂಡಿನಿಂದ, ಅಮೆರಿಕದಿಂದ ಬಂದವರು. ಕಡಿಮೆ ಖರ್ಚು, ಬಿಸಿಲು, ನಿಶ್ಶಬ್ದ, ಬರೆಯಲು ಬೇಕಾದಷ್ಟು ಸಮಯ ಇವೇ ಅವರನ್ನು ಎಳೆದು ತಂದವು. ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಎಂಬುದೊಂದು; ದಿಕ್ಕಿಲ್ಲದವನು ಎಂಬುದು ಇನ್ನೊಂದು. ಸ್ಪೇನಿನ ಹಳ್ಳಿಗೆ ಬಂದ ಈ ಜನ ಮೊದಲ ಅರ್ಥದಲ್ಲಿ ಮಾತ್ರ ಪರದೇಶಿಗಳಾಗಿದ್ದರು. ಎರಡನೆಯ ಅರ್ಥದ ಪರದೇಶಿಗಳು ಅದೇ ಬೀದಿಯಲ್ಲಿ, ಪಕ್ಕದ ಮನೆಯಲ್ಲೇ ಇದ್ದರು. ಅವರನ್ನು ಗುರುತಿಸಲು ಬಂದವರಿಗೆ ಎಷ್ಟು ಕಾಲ ಹಿಡಿಯಿತು ಎಂಬುದೇ ಇಲ್ಲಿನ ಕಥೆ.

ಮಾಳಿಗೆ ಮನೆಗಳ ಊರು

ಗ್ರನಾಡಾ ನಗರದ ಆಗ್ನೇಯಕ್ಕೆ ಸಿಯೆರಾ ನೆವಾಡಾ, ಎಂದರೆ ‘ಹಿಮದ ಪರ್ವತಶ್ರೇಣಿ’ ಇದೆ. ಅದರ ದಕ್ಷಿಣದ ಇಳಿಜಾರಿಗೆ ಆಲ್ಪುಹಾರ್ರಾ ಎಂದು ಹೆಸರು. ಅಲ್ಲಿ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಯೆಹೆನ್ ಎಂಬ ಹಳ್ಳಿಯಿದೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಆ ಊರಿನ ಮನೆಗಳು ಹೊಸದೆನಿಸಲಾರವು. ಕಲ್ಲಿನ ಗೋಡೆ, ಮರದ ತೊಲೆ, ಮೇಲೆ ಚಪ್ಪಡಿ, ಅದರ ಮೇಲೆ ನೀರು ಇಳಿಯಗೊಡದ ಬೂದುಬಣ್ಣದ ಮಣ್ಣು. ಈ ಮಣ್ಣಿಗೆ ಅಲ್ಲಿನವರು ಲೌನಾ ಎನ್ನುತ್ತಾರೆ. ಇಂಥ ಮನೆಗಳು ಸ್ಪೇನಿನ ಬೇರೆಡೆ ಕಡಿಮೆ. ಸಮುದ್ರದ ಆಚೆ ಮೊರಾಕ್ಕೊದ ಬೆಟ್ಟಗಳಲ್ಲಿ ಬರ್ಬರ್ ಜನರ ಹಳ್ಳಿಗಳಲ್ಲಿ ಇಂಥವೇ ಇವೆ.

ಇದಕ್ಕೆ ಕಾರಣ ಇತಿಹಾಸ. 1492ರಲ್ಲಿ ಗ್ರನಾಡಾದ ಕೊನೆಯ ಮುಸ್ಲಿಂ ದೊರೆ ಬೋಅಬ್ದಿಲ್ ಕ್ರೈಸ್ತ ರಾಜದಂಪತಿಗಳಿಗೆ ಶರಣಾದ. ಆಗ ಅವನಿಗೆ ಸಿಕ್ಕಿದ ಸಣ್ಣ ಜಹಗೀರು ಈ ಆಲ್ಪುಹಾರ್ರಾ. ಮರುವರ್ಷವೇ ಅವನು ಆಫ್ರಿಕಕ್ಕೆ ಹಡಗು ಹತ್ತಿದ. ಅವನ ಪ್ರಜೆಗಳು ಮಾತ್ರ ಉಳಿದರು. ಅವರ ಧರ್ಮಕ್ಕೆ ಅಡ್ಡಿಮಾಡುವುದಿಲ್ಲ ಎಂದು ಒಪ್ಪಂದದಲ್ಲಿ ಕೊಟ್ಟ ಮಾತು ಹತ್ತು ವರ್ಷವೂ ನಡೆಯಲಿಲ್ಲ. ಬಲವಂತದ ಮತಾಂತರ ನಡೆಯಿತು. 1567ರಲ್ಲಿ ಅರಬ್ಬಿ ಭಾಷೆಯನ್ನೂ ಉಡುಪನ್ನೂ ನಿಷೇಧಿಸುವ ಆಜ್ಞೆ ಹೊರಟಿತು. 1568ರ ಕ್ರಿಸ್‌ಮಸ್ ಹೊತ್ತಿಗೆ ಬೆಟ್ಟದ ಊರುಗಳು ದಂಗೆಯೆದ್ದವು. ಎರಡು ವರ್ಷ ನಡೆದ ಈ ಯುದ್ಧ ಮುಗಿಯುವಾಗ ಗ್ರನಾಡಾ ಸೀಮೆಯಿಂದ ಸುಮಾರು 80 ಸಾವಿರ ಮೊರಿಸ್ಕೊ ಜನರನ್ನು, ಅಂದರೆ ಮತಾಂತರಗೊಂಡ ಮುಸ್ಲಿಮರನ್ನು, ಸ್ಪೇನಿನ ಒಳನಾಡಿಗೆ ಸಾಗಿಸಲಾಯಿತು. ಖಾಲಿಯಾದ ಮನೆಗಳಿಗೆ ಉತ್ತರದ ಪ್ರಾಂತಗಳಿಂದ ಕ್ರೈಸ್ತ ಒಕ್ಕಲುಗಳನ್ನು ಕರೆತಂದರು.

ಅಂದರೆ ಇಂದು ಯೆಹೆನ್‌ನ ಮೂಲನಿವಾಸಿಗಳೆಂದು ಹೇಳಿಕೊಳ್ಳುವವರ ಪೂರ್ವಜರಲ್ಲಿ ಬಹಳ ಮಂದಿಯೂ ಒಂದು ಕಾಲಕ್ಕೆ ಹೊರಗಿನವರೇ. ಬಂದ ಹೊಸಬರಿಗೆ ಮನೆ ಸಿಕ್ಕಿತು, ಹೊಲ ಸಿಕ್ಕಿತು. ಆದರೆ ಆ ಇಳಿಜಾರಿನಲ್ಲಿ ನೀರು ಹರಿಸುವುದು ಹೇಗೆಂದು ಗೊತ್ತಿರಲಿಲ್ಲ. ಅದನ್ನು ಕಲಿಸುವುದಕ್ಕಾಗಿ ಪ್ರತಿ ಊರಿನಲ್ಲೂ ಒಂದೆರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರೆಂಬ ಐತಿಹ್ಯ ಅಲ್ಲಿ ಇಂದಿಗೂ ಇದೆ. ಐತಿಹ್ಯ ಹೇಗೇ ಇರಲಿ, ಭಾಷೆಯ ಸಾಕ್ಷ್ಯವಂತೂ ಗಟ್ಟಿಯಾಗಿದೆ. ಕಾಲುವೆಗೆ ಸ್ಪ್ಯಾನಿಷ್ ಮಾತು ಅಸೇಕಿಯಾ; ನೀರಿನ ತೊಟ್ಟಿಗೆ ಅಲ್ಬೆರ್ಕಾ. ಎರಡೂ ಅರಬ್ಬಿಯಿಂದ ಬಂದವು. ಸಕ್ಕರೆಗೆ ಆಸೂಕಾರ್, ಕಿತ್ತಳೆಗೆ ನರಾಂಹಾ. ಈ ಎರಡು ಮಾತುಗಳು ಅರಬ್ಬಿಗಿಂತಲೂ ಹಿಂದಕ್ಕೆ ಹೋಗಿ, ಪರ್ಷಿಯನ್ನಿನ ಮೂಲಕ ಸಂಸ್ಕೃತದ ಶರ್ಕರಾ ಮತ್ತು ನಾರಂಗಗಳಲ್ಲಿ ನಿಲ್ಲುತ್ತವೆ. ಹಣ್ಣೂ ಮಾತೂ ಒಟ್ಟಿಗೇ ಪಯಣಿಸಿ ಆ ಬೆಟ್ಟದ ತೋಟಗಳನ್ನು ಸೇರಿದವು.

ಕಣ ಮತ್ತು ಕಾಲುವೆ

ಬೇಸಿಗೆಯ ಕೊನೆಯ ವಾರಗಳಲ್ಲಿ ಇಂಥ ಊರಿನ ಬದುಕು ಎರಡು ಜಾಗಗಳ ಸುತ್ತ ತಿರುಗುತ್ತಿತ್ತು. ಒಂದು ಕಣ, ಇನ್ನೊಂದು ಕಾಲುವೆ.

ಸಮುದ್ರದ ಬಳಿಯ ಹೊಲಗಳಲ್ಲಿ ಜೂನ್ ತಿಂಗಳಿಗೇ ಗೋಧಿ ಕುಯ್ಲಾದರೆ, ಬೆಟ್ಟದ ಎತ್ತರದ ಹೊಲಗಳಲ್ಲಿ ಪೈರು ಮಾಗುವುದು ತಡ. ಹೀಗಾಗಿ ಆಗಸ್ಟಿನಲ್ಲಿಯೂ ಒಕ್ಕಣೆ ನಡೆಯುತ್ತಿತ್ತು. ಕಲ್ಲು ಹಾಸಿದ ದುಂಡನೆಯ ಕಣ. ನಮ್ಮಲ್ಲಿ ಎತ್ತು ಕಟ್ಟಿ ಹಂತಿ ಹೊಡೆಯುವಂತೆ ಅಲ್ಲಿ ಹೇಸರಗತ್ತೆಗಳು. ಅವುಗಳ ಹಿಂದೆ ತಳಕ್ಕೆ ಚಕಮಕಿ ಕಲ್ಲಿನ ಚೂರುಗಳನ್ನು ಬಡಿದ ಹಲಗೆ. ಅದರ ಮೇಲೆ ನಿಂತು ಸುತ್ತುವುದೆಂದರೆ ಮಕ್ಕಳಿಗೆ ಹಬ್ಬ. ಒಕ್ಕಿದ ಮೇಲೆ ಗಾಳಿಗಾಗಿ ಕಾಯಬೇಕು. ಸಂಜೆ ಗಾಳಿ ಎದ್ದಾಗ ಮರದ ಕವಲುಗೋಲಿನಿಂದ ತೂರಿದರೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಗಾಳಿ ಯಾವ ಹೊತ್ತಿಗೆ ಬಂದೀತೆಂದು ಹೇಳುವುದಕ್ಕಾಗದು. ರಾಶಿ ಕಾಯಲೂ ಜನ ಬೇಕು. ಅದಕ್ಕಾಗಿ ಕಣದಲ್ಲೇ ಮಲಗುವ ಪದ್ಧತಿ ಇತ್ತು.

ಮನೆಯ ಮಾಳಿಗೆಗೂ ಇದೇ ಕಾಲದಲ್ಲಿ ಕೆಲಸ. ಅಂಜೂರ, ಟೊಮೆಟೊ ಒಣಗಿಸುವುದು ಅದರ ಮೇಲೆ. ಕೆಂಪು ಮೆಣಸಿನಕಾಯಿಯನ್ನು ಸರ ಮಾಡಿ ಗೋಡೆಯ ಮುಂದೆ ಇಳಿಬಿಡುತ್ತಾರೆ. ಬ್ಯಾಡಗಿಯ ಕಣಗಳನ್ನು ನೋಡಿದ ಕನ್ನಡಿಗರಿಗೆ ಆ ಬಣ್ಣ ಅಪರಿಚಿತವಲ್ಲ. ಎರಡೂ ಊರಿಗೆ ಮೆಣಸಿನಕಾಯಿ ಅಮೆರಿಕದಿಂದಲೇ ಬಂತು. ಅಲ್ಲಿಗೆ ಕೊಲಂಬಸನ ಹಡಗಿನ ನಂತರ, ಇಲ್ಲಿಗೆ ಪೋರ್ಚುಗೀಸರ ಹಡಗಿನಲ್ಲಿ.

ಆಗಸ್ಟಿನ ಮೊದಲ ದಿನಗಳಲ್ಲಿ ಹಿರಿಯರು ಆಕಾಶ ನೋಡುತ್ತಿದ್ದರು. ಮೊದಲ ಹನ್ನೆರಡು ದಿನಗಳಲ್ಲಿ ಒಂದೊಂದೂ ಬರುವ ವರ್ಷದ ಒಂದೊಂದು ತಿಂಗಳಿನ ಹವೆಯನ್ನು ಸೂಚಿಸುತ್ತದೆಂದು ನಂಬಿಕೆ. ಇದಕ್ಕೆ ಕಬಾನ್ಯುವೆಲಾಸ್ ಎಂದು ಹೆಸರು. ಮಳೆ ನಕ್ಷತ್ರಗಳ ಗಾದೆ ಹೇಳಿ ಬಿತ್ತನೆಗೆ ಇಳಿಯುವ ನಮ್ಮ ರೈತರಿಗೆ ಇದರ ಮರ್ಮ ತಿಳಿಯುತ್ತದೆ. ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಆದರೆ ಮಳೆಯ ಮೇಲೆ ನಿಂತ ಬದುಕಿಗೆ ಏನಾದರೊಂದು ಪಂಚಾಂಗ ಬೇಕೇ ಬೇಕು.

ಇನ್ನು ಕಾಲುವೆ. ಬೆಟ್ಟದ ಮೇಲಿನ ಹಿಮ ಕರಗಿದ ನೀರೇ ಇವಕ್ಕೆ ಆಧಾರ. ವಸಂತದಲ್ಲಿ ಹಿಮ ಕರಗುವಾಗ ನೀರು ಹೆಚ್ಚು, ಬೆಳೆಗೆ ಬೇಕಾಗುವುದು ಕಡಿಮೆ. ಆಗಸ್ಟಿನಲ್ಲಿ ಇದು ತಿರುಗುಮುರುಗು. ಹಳೆಯ ಕಾಲದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಎತ್ತರದಲ್ಲಿ ಗಾರೆಯಿಲ್ಲದ ಮಣ್ಣಿನ ಕಾಲುವೆ ತೋಡಿ, ವಸಂತದ ನೀರನ್ನು ಗೊತ್ತಾದ ಜಾಗಗಳಲ್ಲಿ ಬೆಟ್ಟದೊಳಕ್ಕೆ ಇಂಗಿಸುವುದು. ಹಾಗೆ ಇಂಗಿದ ನೀರು ವಾರಗಳ, ತಿಂಗಳುಗಳ ನಂತರ ಕೆಳಗಿನ ಊರುಗಳ ಒರತೆಗಳಲ್ಲಿ ಹೊರಬರುತ್ತದೆ. ಬೆಟ್ಟವನ್ನೇ ಕೆರೆ ಮಾಡಿಕೊಂಡ ಜಾಣ್ಮೆ ಇದು. ಆದರೂ ಬೇಸಿಗೆಯ ಕೊನೆಗೆ ನೀರು ಸಣ್ಣದಾಗುತ್ತದೆ. ಆಗ ಪ್ರತಿ ಹೊಲಕ್ಕೂ ಇಷ್ಟು ಗಂಟೆ ಎಂದು ಸರದಿ. ನಡುರಾತ್ರಿ ಎರಡು ಗಂಟೆಗೆ ಸರದಿ ಬಂದರೆ ಲಾಟೀನು, ಗುದ್ದಲಿ ಹಿಡಿದು ಹೋಗಲೇಬೇಕು. ಸರದಿ ತಪ್ಪದಂತೆ ನೋಡಿಕೊಳ್ಳಲು ನಮ್ಮ ಕೆರೆಬಯಲಿನ ನೀರಗಂಟಿಯಂಥವನೊಬ್ಬ ಅಲ್ಲಿಯೂ ಇರುತ್ತಾನೆ. ಅವನನ್ನು ಅಸೇಕಿಯೆರೊ ಎನ್ನುತ್ತಾರೆ. ಈ ಪಟ್ಟಿಯಲ್ಲಿ ಹೆಸರಿದ್ದವನು ಊರಿನವನು.

ಪುಸ್ತಕಗಳೊಂದಿಗೆ ಬಂದವನು

ಇಂಥ ಯೆಹೆನ್‌ಗೆ 1920ರ ಜನವರಿಯಲ್ಲಿ 25 ವರ್ಷದ ಇಂಗ್ಲಿಷ್ ತರುಣನೊಬ್ಬ ವಾಸಕ್ಕೆ ಬಂದ. ಹೆಸರು ಜೆರಾಲ್ಡ್ ಬ್ರೆನನ್. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಪದಕ ಪಡೆದವನು. ವಿಶ್ವವಿದ್ಯಾಲಯಕ್ಕೆ ಹೋದವನಲ್ಲ. ಓದಿ ಆ ಕೊರತೆ ತುಂಬಿಕೊಳ್ಳಬೇಕು, ಸೈನ್ಯದಲ್ಲಿದ್ದಾಗ ಉಳಿಸಿದ ಹಣ ಆದಷ್ಟು ಹೆಚ್ಚು ಕಾಲ ಬರಬೇಕು, ಅದಕ್ಕೆ ಅಗ್ಗದ ಊರು ಬೇಕು ಎಂಬುದು ಅವನ ಲೆಕ್ಕ. ಕಾಲ್ನಡಿಗೆಯಲ್ಲಿ ಊರೂರು ಸುತ್ತಿ ಕೊನೆಗೆ ಯೆಹೆನ್‌ನಲ್ಲಿ ಬಾಡಿಗೆ ಮನೆ ಹಿಡಿದ. ಅವನ ಹಿಂದೆ ಸುಮಾರು ಎರಡು ಸಾವಿರ ಪುಸ್ತಕಗಳು ಬೆಟ್ಟ ಹತ್ತಿದವು.

ಅವನ ಲಂಡನ್ ಸ್ನೇಹಿತರು ಸಾಮಾನ್ಯರಲ್ಲ. 1920ರಲ್ಲೇ ಲಿಟನ್ ಸ್ಟ್ರೇಚಿ ಬಂದ. ಹೇಸರಗತ್ತೆಯ ಮೇಲಿನ ಬೆಟ್ಟದ ಪಯಣ ಆ ನಾಜೂಕು ಸಾಹಿತಿಗೆ ಯಮಯಾತನೆಯಾಯಿತು. 1923ರಲ್ಲಿ ವರ್ಜೀನಿಯಾ ವುಲ್ಫ್ ತನ್ನ ಗಂಡ ಲೆನರ್ಡ್ ಜೊತೆ ಬಂದಳು. ಅವರೆಲ್ಲ ಕೆಲವು ದಿನಗಳ ಅತಿಥಿಗಳು. ಬ್ರೆನನ್ ಮಾತ್ರ ನಡುನಡುವೆ ಊರು ಬಿಟ್ಟು ಹೋಗುತ್ತ ಬರುತ್ತ 1934ರವರೆಗೆ ಆ ಹಳ್ಳಿಯ ನಂಟು ಉಳಿಸಿಕೊಂಡ. ಊರಿನ ಮೇಲಿನ ಕೇರಿ ಮತ್ತು ಕೆಳಗಿನ ಕೇರಿಯ ಜಗಳ, ಹಬ್ಬಗಳು, ಮಾಟಮಂತ್ರದ ನಂಬಿಕೆ, ಮದುವೆಯ ಮುಂಚಿನ ಪ್ರಣಯದ ಕಟ್ಟುಪಾಡು, ಊಟ, ಒಕ್ಕಣೆ ಎಲ್ಲವನ್ನೂ ಗಮನಿಸಿದ. 1957ರಲ್ಲಿ ಪ್ರಕಟವಾದ ಅವನ ‘ಸೌತ್ ಫ್ರಮ್ ಗ್ರನಾಡಾ’ ಈ ಗಮನದ ಫಲ. ಇಂದು ಆ ಊರಿನ ಹಳೆಯ ಬದುಕನ್ನು ತಿಳಿಯಬೇಕಾದರೆ ಆ ಊರಿನವರೂ ಅದೇ ಪುಸ್ತಕ ತೆರೆಯುತ್ತಾರೆ.

ಆದರೆ ಆ ಪುಸ್ತಕ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಅವನ ಮನೆಯಲ್ಲಿ ಕೆಲಸಕ್ಕಿದ್ದ ಊರಿನ ಬಡ ಹುಡುಗಿಯೊಬ್ಬಳಲ್ಲಿ 1931ರಲ್ಲಿ ಅವನಿಗೆ ಮಗಳು ಹುಟ್ಟಿದಳು. ಅಷ್ಟರಲ್ಲಿ ಅವನು ಅಮೆರಿಕದ ಕವಯಿತ್ರಿ ಗ್ಯಾಮೆಲ್ ವುಲ್ಸಿಯ ಜೊತೆ ಬಾಳುವ ನಿರ್ಧಾರ ಮಾಡಿದ್ದ. ಮಗುವನ್ನು ಮುಂದೆ ಅವರಿಬ್ಬರೂ ತಮ್ಮ ಮಗಳೆಂದೇ ಬೆಳೆಸಿದರು. ಹೆತ್ತ ತಾಯಿಯಿಂದ ಮಗು ದೂರವಾಯಿತು. 2003ರಲ್ಲಿ ಸ್ಪೇನಿನ ನಿರ್ದೇಶಕ ಫೆರ್ನಾಂದೊ ಕೊಲೋಮೊ ಬ್ರೆನನ್‌ನ ಕಥೆಯನ್ನು ಚಿತ್ರ ಮಾಡಿದಾಗ ಈ ಹುಡುಗಿಯನ್ನೇ ಕಥೆಯ ನಡುವೆ ನಿಲ್ಲಿಸಿದ. ಹಳ್ಳಿಯ ಬದುಕನ್ನು ಅಷ್ಟು ಪ್ರೀತಿಯಿಂದ ಕಂಡವನ ಕೈಯಲ್ಲೂ ಹಣವಿದ್ದವನ ಬಲ ಇತ್ತು. ಅವಳಿಗೆ ಆ ಬಲ ಇರಲಿಲ್ಲ. ಇದನ್ನು ಮರೆತು ಆ ಪುಸ್ತಕವನ್ನು ಓದುವುದು ಸರಿಯಲ್ಲ.

1936ರ ಆಗಸ್ಟ್

1935ರಲ್ಲಿ ಬ್ರೆನನ್ ದಂಪತಿ ಬೆಟ್ಟ ಬಿಟ್ಟು ಮಾಲಗಾ ನಗರದ ಬಳಿಯ ಚುರ್ರಿಯಾನಾ ಹಳ್ಳಿಯಲ್ಲಿ ತೋಟವಿರುವ ಮನೆ ಕೊಂಡರು. ಮರುವರ್ಷ ಜುಲೈಯಲ್ಲಿ ಜನರಲ್ ಫ್ರಾಂಕೊ ಮತ್ತು ಅವನ ಸಂಗಡಿಗರು ಗಣರಾಜ್ಯದ ವಿರುದ್ಧ ದಂಗೆಯೆದ್ದರು. ಅಂತರ್ಯುದ್ಧ ಆರಂಭವಾಯಿತು. ಆ ಆಗಸ್ಟಿನಲ್ಲಿ ಹಳ್ಳಿಯ ಮೇಲೆ ವಿಮಾನಗಳು ಹಾರಿದವು, ಮಾಲಗಾದಲ್ಲಿ ಮನೆಗಳು ಉರಿದವು, ರಾತ್ರಿ ಬಾಗಿಲು ಬಡಿದು ಜನರನ್ನು ಎಳೆದೊಯ್ದು ಕೊಲ್ಲುವುದು ಎರಡೂ ಕಡೆ ನಡೆಯಿತು. ಬ್ರೆನನ್‌ಗೆ ಗಣರಾಜ್ಯದ ಪಕ್ಷದ ಬಗ್ಗೆ ಒಲವು. ಆದರೂ ಎದುರು ಪಕ್ಷದವನಾಗಿದ್ದ ಮನೆಯ ಹಳೆಯ ಮಾಲೀಕನಿಗೂ ಅವನ ಕುಟುಂಬಕ್ಕೂ ತನ್ನ ಮನೆಯಲ್ಲಿ ಆಶ್ರಯ ಕೊಟ್ಟ. ಆ ಬೇಸಿಗೆಯ ಚಿತ್ರವನ್ನು ಗ್ಯಾಮೆಲ್ 1939ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದಳು. ಕೆಲವು ವಾರಗಳ ನಂತರ ಇಬ್ಬರೂ ಜಿಬ್ರಾಲ್ಟರ್ ದಾರಿಯಾಗಿ ಸ್ಪೇನ್ ಬಿಟ್ಟರು.

ಅದೇ ಆಗಸ್ಟಿನಲ್ಲಿ ಮಾಯೋರ್ಕಾ ದ್ವೀಪದ ದೆಯಾ ಎಂಬ ಹಳ್ಳಿಯಿಂದ ಇನ್ನೊಬ್ಬ ಇಂಗ್ಲಿಷ್ ಲೇಖಕ ಅವಸರದಲ್ಲಿ ಹೊರಟ. ಅವನು ರಾಬರ್ಟ್ ಗ್ರೇವ್ಸ್. 1929ರಿಂದ ಅಲ್ಲಿದ್ದು, 1932ರಲ್ಲಿ ಮನೆ ಕಟ್ಟಿಸಿ, ‘ಐ, ಕ್ಲಾಡಿಯಸ್’ ಕಾದಂಬರಿಯನ್ನು ಅಲ್ಲಿಯೇ ಬರೆದಿದ್ದ. ಬ್ರಿಟಿಷ್ ಯುದ್ಧನೌಕೆ ತನ್ನ ದೇಶದವರನ್ನು ಹತ್ತಿಸಿಕೊಂಡು ಹೋಯಿತು.

ಅವರಿಗೆ ಹಡಗಿತ್ತು, ಪಾಸ್‌ಪೋರ್ಟ್ ಇತ್ತು. ಊರಿನವರಿಗೆ ಅದಿರಲಿಲ್ಲ. ಅದೇ ತಿಂಗಳಿನಲ್ಲಿ ಗ್ರನಾಡಾದ ಬಳಿ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾನನ್ನು ಫ್ರಾಂಕೊ ಪಕ್ಷದವರು ಗುಂಡಿಟ್ಟು ಕೊಂದರು. 38 ವರ್ಷದ ಆ ಕವಿಯ ಹೆಣವನ್ನು ಹೂತ ಜಾಗ ಇಂದಿಗೂ ಸಿಕ್ಕಿಲ್ಲ. 1949ರಲ್ಲಿ ಬ್ರೆನನ್ ಮರಳಿ ಸ್ಪೇನಿಗೆ ಬಂದಾಗ ಮೊದಲು ಹುಡುಕಿದ ಸಂಗತಿಗಳಲ್ಲಿ ಇದೂ ಒಂದು. ಯಾರೂ ಬಾಯಿಬಿಡದ ಆ ದಿನಗಳಲ್ಲಿ ಅವನು ಕೇಳಿ ತಿಳಿದದ್ದನ್ನು ಮರುವರ್ಷ ಪುಸ್ತಕದಲ್ಲಿ ಪ್ರಕಟಿಸಿದ. ಅಂತರ್ಯುದ್ಧದ ಬೇರುಗಳನ್ನು ಕುರಿತು 1943ರಲ್ಲಿ ಬಂದಿದ್ದ ಅವನ ‘ದಿ ಸ್ಪ್ಯಾನಿಷ್ ಲ್ಯಾಬಿರಿಂತ್’ಗೆ ಫ್ರಾಂಕೊನ ಸ್ಪೇನಿನಲ್ಲಿ ನಿಷೇಧವಿತ್ತು. ಅದರ ಸ್ಪ್ಯಾನಿಷ್ ಅನುವಾದ 1962ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಗಿ ಕಳ್ಳದಾರಿಯಲ್ಲಿ ದೇಶದೊಳಗೆ ಬಂತು. ತಮ್ಮದೇ ದೇಶದ ಇತಿಹಾಸವನ್ನು ತಮ್ಮ ದೇಶದಲ್ಲಿ ಬರೆಯಲಾಗದ ಜನಕ್ಕೆ ಹೊರಗಿನವನೊಬ್ಬ ಅದನ್ನು ಬರೆದುಕೊಟ್ಟಿದ್ದ.

ಇನ್ನೊಂದು ಮಾತನ್ನೂ ಹೇಳಬೇಕು. 1946ರಲ್ಲಿ ಗ್ರೇವ್ಸ್ ದೆಯಾಕ್ಕೆ ಮರಳಿದಾಗ ಅವನ ಮನೆ ಬಿಟ್ಟುಹೋದ ಹಾಗೆಯೇ ಇತ್ತು. 1953ರಲ್ಲಿ ಬ್ರೆನನ್ ಚುರ್ರಿಯಾನಾಕ್ಕೆ ಬಂದಾಗಲೂ ಮನೆಗೆಲಸದವರು ಮನೆಯನ್ನು ಕಾಯ್ದುಕೊಂಡಿದ್ದರು. ಹಸಿವೂ ಭಯವೂ ತುಂಬಿದ್ದ ಆ ವರ್ಷಗಳಲ್ಲಿ ಹಳ್ಳಿಯ ಜನ ಪರದೇಶಿಯ ಸೊತ್ತನ್ನು ಕಾಪಾಡಿದ್ದರು. ಈ ಋಣದ ಲೆಕ್ಕ ಯಾವ ಕಾಗದದಲ್ಲೂ ಇಲ್ಲ.

ಗೋಡೆಯ ಹಿಂದಿನ ಮನುಷ್ಯ

ಈ ಕಥೆಯ ಅತ್ಯಂತ ವಿಚಿತ್ರವಾದ ಅಧ್ಯಾಯ ನಡೆದದ್ದು ಮಾಲಗಾದ ಪಶ್ಚಿಮಕ್ಕಿರುವ ಮಿಹಾಸ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಇಂದು ಪ್ರವಾಸಿಗರು ತುಂಬಿದ, ಬಿಳಿ ಮನೆಗಳ ಊರು ಅದು. ಸೆಪ್ಟೆಂಬರ್ 8ರಂದು ಅಲ್ಲಿ ಊರಿನ ರಕ್ಷಕ ದೇವಿಯ ದೊಡ್ಡ ಹಬ್ಬ. ಬೇಸಿಗೆ ಮುಗಿಯುವುದು ಆ ಹಬ್ಬದೊಂದಿಗೆ. 1957ರಲ್ಲಿ ರೊನಾಲ್ಡ್ ಫ್ರೇಸರ್ ಎಂಬ ಇಂಗ್ಲಿಷ್ ಲೇಖಕ ಕಾದಂಬರಿ ಬರೆಯುವ ಆಸೆಯಿಂದ ಅಲ್ಲಿ ಬಂದು ನೆಲೆಸಿದ. ಶಾಂತವಾದ ಊರು, ನಗುಮುಖದ ಜನ. ಹಳೆಯ ಯುದ್ಧದ ಮಾತು ತೆಗೆದರೆ ಮಾತ್ರ ಎಲ್ಲರೂ ಮೌನ.

ಆ ಮೌನದ ಒಳಗೆ ಒಬ್ಬ ಜೀವಂತ ಮನುಷ್ಯನಿದ್ದ. ಅವನು ಮಾನ್ಯುವೆಲ್ ಕೊರ್ತೆಸ್. ವೃತ್ತಿಯಿಂದ ಕ್ಷೌರಿಕ, ಸಮಾಜವಾದಿ, ಗಣರಾಜ್ಯದ ಕಾಲದಲ್ಲಿ ಊರಿನ ಮೇಯರ್ ಆಗಿದ್ದವನು. 1937ರ ಫೆಬ್ರವರಿಯಲ್ಲಿ ಮಾಲಗಾ ಫ್ರಾಂಕೊ ಪಡೆಗಳ ಕೈಸೇರಿದಾಗ ಊರು ಬಿಟ್ಟಿದ್ದ. 1939ರ ವಸಂತದಲ್ಲಿ ಯುದ್ಧ ಸೋತ ಮೇಲೆ ಕತ್ತಲಲ್ಲಿ ಮನೆಗೆ ಮರಳಿದ. ಸಿಕ್ಕಿಬಿದ್ದರೆ ಸಾವು ನಿಶ್ಚಯ ಎಂದು ತಿಳಿದು ಗೋಡೆಯೊಳಗಿನ ಒಂದು ಗೂಡಿನಲ್ಲಿ ಅಡಗಿದ. ಕೆಲವು ದಿನಕ್ಕೆಂದು ಒಳಗೆ ಹೋದವನು ಹೊರಗೆ ಬಂದದ್ದು 30 ವರ್ಷಗಳ ನಂತರ. ಹೆಂಡತಿ ಮೊಟ್ಟೆ ಮಾರಿ ಸಂಸಾರ ನಡೆಸಿದಳು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದಾಗ ಅವನು ಮುದುಕಿಯ ವೇಷ ಹಾಕಿದ. ಮಗಳು ಬೆಳೆದಳು, ಮದುವೆಯಾದಳು. ತಂದೆ ಮದುವೆಗೆ ಬರುವ ಹಾಗಿರಲಿಲ್ಲ. ಹೊರಗೆ ಒಂದೊಂದಾಗಿ 30 ಬೇಸಿಗೆಗಳು ಕಳೆದವು. ಸಂಜೆ ಬೀದಿಗೆ ಬಂದ ಕುರ್ಚಿಗಳ ಮಾತೆಲ್ಲ ಗೋಡೆಯ ಈಚೆ, ಅವನು ಗೋಡೆಯ ಆಚೆ.

1969ರ ಮಾರ್ಚಿನಲ್ಲಿ ಅಂತರ್ಯುದ್ಧದ ಕಾಲದ ಅಪರಾಧಗಳಿಗೆ ಕ್ಷಮಾದಾನದ ಆಜ್ಞೆ ಹೊರಟಿತು. ಏಪ್ರಿಲ್‌ನಲ್ಲಿ ಕೊರ್ತೆಸ್ ಹೊರಗೆ ಬಂದ. ಅದೇ ಊರಿನಲ್ಲಿ ಹತ್ತಕ್ಕೂ ಹೆಚ್ಚು ವರ್ಷಗಳ ನಂಟಿದ್ದ ಫ್ರೇಸರ್‌ಗೆ ಆಗ ತಾನು ಕಂಡ ಶಾಂತಿಯ ಅರ್ಥ ಹೊಳೆಯಿತು. ಅದು ಶಾಂತಿಯಲ್ಲ, ಭಯ. ಅವನು ಕೊರ್ತೆಸ್, ಅವನ ಹೆಂಡತಿ, ಮಗಳು ಮೂವರ ಬಾಯಿಂದಲೂ ಕಥೆ ಹೇಳಿಸಿ ಧ್ವನಿಮುದ್ರಿಸಿಕೊಂಡು 1972ರಲ್ಲಿ ‘ಇನ್ ಹೈಡಿಂಗ್’ ಎಂಬ ಪುಸ್ತಕ ಮಾಡಿದ. ಮುಂದಿನ ವರ್ಷ ಆ ಊರಿನ ಎಲ್ಲ ವರ್ಗದ ಜನರ ಮಾತುಗಳ ಇನ್ನೊಂದು ಪುಸ್ತಕ ಬಂತು. 1979ರಲ್ಲಿ ಸ್ಪೇನಿನಾದ್ಯಂತ ಮುನ್ನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಅಂತರ್ಯುದ್ಧದ ಮೌಖಿಕ ಇತಿಹಾಸವನ್ನೇ ಬರೆದ. ಕಾದಂಬರಿಗಾಗಿ ಬಂದವನು ನೆರೆಯವರ ಮಾತು ಕೇಳಿ ಇತಿಹಾಸಕಾರನಾದ.

ಬಂದವರು, ಹೋದವರು

ಫ್ರೇಸರ್ ಬಂದ ಕಾಲದಲ್ಲೇ ಸ್ಪೇನಿನ ಹಳ್ಳಿಗಳ ಚಹರೆ ಬದಲಾಗತೊಡಗಿತ್ತು. 1959ರಲ್ಲಿ ಫ್ರಾಂಕೊ ಸರ್ಕಾರ ಆರ್ಥಿಕ ಬಾಗಿಲು ತೆರೆಯಿತು. 1960ರಲ್ಲಿ ಸುಮಾರು 60 ಲಕ್ಷವಿದ್ದ ವಿದೇಶಿ ಸಂದರ್ಶಕರ ಸಂಖ್ಯೆ 1973ರ ಹೊತ್ತಿಗೆ ಮೂರು ಕೋಟಿ ಮೀರಿತು. ಅದೇ ಅವಧಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ಪೇನಿಗರು ಕೂಲಿಗಾಗಿ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಿಗೆ ಹೋದರು. ಇನ್ನೂ ಹೆಚ್ಚಿನವರು ಬಾರ್ಸಿಲೋನಾ, ಮ್ಯಾಡ್ರಿಡ್ ಸೇರಿದರು. ಜರ್ಮನಿಯ ಕಾರ್ಮಿಕ ಬಿಸಿಲು ಕಾಯಿಸಲು ಸ್ಪೇನಿಗೆ ಬರುವಾಗ, ಸ್ಪೇನಿನ ರೈತನ ಮಗ ಆ ಕಾರ್ಮಿಕನ ಊರಿನ ಕಾರ್ಖಾನೆಗೆ ಹೊರಟಿದ್ದ. ಒಬ್ಬನಿಗೆ ಅಗ್ಗವಾಗಿ ಕಂಡ ಊರು ಇನ್ನೊಬ್ಬನಿಗೆ ಅನ್ನ ಕೊಡದ ಊರು.

ಹೋದವರು ಆಗಸ್ಟಿನಲ್ಲಿ ಮರಳುತ್ತಿದ್ದರು. ಇಂದಿಗೂ ಮರಳುತ್ತಾರೆ. ಕಾರ್ಖಾನೆಗಳಿಗೆ ರಜೆ ಸಿಗುವ ತಿಂಗಳು ಅದೇ. ಊರ ಹಬ್ಬಗಳೂ ಹೆಚ್ಚಾಗಿ ಆಗಲೇ. ನಾಲ್ಕು ವಾರ ಹಳ್ಳಿಯ ಜನಸಂಖ್ಯೆ ಇಮ್ಮಡಿ, ಮುಮ್ಮಡಿ. ದೀಪಾವಳಿಗೋ ಊರ ಜಾತ್ರೆಗೋ ಬೆಂಗಳೂರಿನ ಬಸ್ಸುಗಳು ನಮ್ಮ ಹಳ್ಳಿಗಳಲ್ಲಿ ಜನರನ್ನು ಇಳಿಸುವ ಹಾಗೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕಾರುಗಳು ಹೊರಡುತ್ತವೆ, ಬಾಗಿಲುಗಳಿಗೆ ಬೀಗ ಬೀಳುತ್ತದೆ. ಉಳಿಯುವವರು ಮುದುಕರು, ಮತ್ತು ಪರದೇಶಿಗಳು.

1986ರಲ್ಲಿ ಸ್ಪೇನ್ ಯುರೋಪಿನ ಒಕ್ಕೂಟ ಸೇರಿದ ಮೇಲೆ ಉತ್ತರ ಯುರೋಪಿನವರು ಅಲ್ಲಿ ನೆಲೆಸುವುದು ಸುಲಭವಾಯಿತು. 1988ರಲ್ಲಿ ಆಲ್ಪುಹಾರ್ರಾದ ಒರ್ಹೀವಾ ಬಳಿ ಪಾಳುಬಿದ್ದ ತೋಟವೊಂದನ್ನು ಕೊಂಡ ಕ್ರಿಸ್ ಸ್ಟುವರ್ಟ್ ಎಂಬ ಇಂಗ್ಲಿಷ್ ಕುರಿಗಾರ ತನ್ನ ಅನುಭವವನ್ನು 1999ರಲ್ಲಿ ಪುಸ್ತಕ ಮಾಡಿದ. ಅದು ಅಪಾರ ಮಾರಾಟವಾಗಿ, ಓದಿದವರಲ್ಲಿ ಬಹಳ ಮಂದಿ ಅಂಥದೇ ತೋಟ ಹುಡುಕಿಕೊಂಡು ಹೊರಟರು. 1999ರಿಂದ ಒಕ್ಕೂಟದ ದೇಶಗಳವರಿಗೆ ಅಲ್ಲಿನ ಊರ ಸಭೆಯ ಚುನಾವಣೆಯಲ್ಲಿ ಮತದಾನವೂ ದೊರೆಯಿತು. ಬ್ರಿಟನ್ ಒಕ್ಕೂಟ ಬಿಟ್ಟ ನಂತರ, 2021ರಿಂದ, ವಾಸದ ಪರವಾನಗಿ ಇಲ್ಲದ ಬ್ರಿಟಿಷರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಬೇಸಿಗೆಯ ಮನೆ ಕೊಂಡಿದ್ದ ಎಷ್ಟೋ ಜನ ಈಗ ದಿನ ಎಣಿಸುತ್ತಾರೆ. ಕಾಗದಪತ್ರವಿಲ್ಲದೆ ಪರದೇಶಿಯಾಗುವುದು ಎಂಥದೆಂಬುದರ ಒಂದು ಸಣ್ಣ ರುಚಿ ಅವರಿಗೂ ಸಿಕ್ಕಿತು.

ಬ್ರೆನನ್‌ನ ಕೊನೆಯ ದಿನಗಳ ಕಥೆ ಇದಕ್ಕೆ ವ್ಯತಿರಿಕ್ತ. 1984ರಲ್ಲಿ, 90 ವರ್ಷದ ಅವನನ್ನು ನೋಡಿಕೊಳ್ಳುವವರಿಲ್ಲದೆ ಲಂಡನ್ ಹೊರವಲಯದ ವೃದ್ಧಾಶ್ರಮಕ್ಕೆ ಸಾಗಿಸಲಾಯಿತು. ಸ್ಪೇನಿನ ಪತ್ರಿಕೆಗಳು ಗುಲ್ಲೆಬ್ಬಿಸಿದವು. ನಮ್ಮವನನ್ನು ನಮಗೆ ಕೊಡಿ ಎಂಬುದು ಅವರ ಕೂಗು. ಆಂದಲೂಸಿಯಾದ ಅಧಿಕಾರಿಗಳು ಅವನನ್ನು ಮರಳಿ ಕರೆತಂದು, ಅವನು ಇದ್ದ ಅಲಾವುರೀನ್ ಊರಿನಲ್ಲೇ ಆರೈಕೆಗೆ ಏರ್ಪಾಡು ಮಾಡಿದರು. 1987ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡ. ದೇಹವನ್ನು ಮಾಲಗಾದ ವೈದ್ಯಕೀಯ ವಿದ್ಯಾರ್ಥಿಗಳಿಗೆ ದಾನ ಮಾಡಿದ್ದ. 2001ರಲ್ಲಿ ಅವನ ಬೂದಿ ಮಾಲಗಾದ ಇಂಗ್ಲಿಷ್ ಸ್ಮಶಾನದಲ್ಲಿ ಗ್ಯಾಮೆಲ್‌ಳ ಸಮಾಧಿಯ ಪಕ್ಕ ಸೇರಿತು.

ಸರದಿಯ ಪಟ್ಟಿ

ಹಳ್ಳಿಗಳು ಖಾಲಿಯಾಗುವುದು ಮಾತ್ರ ನಿಂತಿಲ್ಲ. 2016ರಲ್ಲಿ ಸೆರ್ಹಿಯೊ ದೆಲ್ ಮೊಲೀನೊ ಬರೆದ ಪುಸ್ತಕ ಇಂಥ ಒಳನಾಡಿಗೆ ‘ಖಾಲಿ ಸ್ಪೇನ್’ ಎಂಬ ಹೆಸರನ್ನೇ ಕೊಟ್ಟಿತು. 2019ರ ಮಾರ್ಚಿನಲ್ಲಿ ಸಾವಿರಾರು ಜನ ಹಳ್ಳಿಗಳಿಂದ ಮ್ಯಾಡ್ರಿಡ್‌ಗೆ ಬಂದು ಶಾಲೆ, ಆಸ್ಪತ್ರೆ, ರೈಲು ಕೇಳಿ ಮೆರವಣಿಗೆ ಮಾಡಿದರು. ಕಣಗಳಲ್ಲಿ ಈಗ ಹುಲ್ಲು ಬೆಳೆದಿದೆ. ಆದರೆ ಕಾಲುವೆಯ ಕಥೆ ಬೇರೆ. ಮಣ್ಣಿನ ಕಾಲುವೆಯನ್ನು ಪ್ರತಿ ವರ್ಷ ಹೂಳು ತೆಗೆದು ಇಟ್ಟುಕೊಳ್ಳದಿದ್ದರೆ ಅದು ಸಾಯುತ್ತದೆ. ಅದು ಸತ್ತರೆ ಕೆಳಗಿನ ಒರತೆಗಳೂ ಬತ್ತುತ್ತವೆ. 2014ರಿಂದ ಗ್ರನಾಡಾ ವಿಶ್ವವಿದ್ಯಾಲಯದ ಪುರಾತತ್ವ ವಿದ್ವಾಂಸರು ಊರಿನ ನೀರುಬಳಕೆದಾರರು ಮತ್ತು ಸ್ವಯಂಸೇವಕರೊಂದಿಗೆ ಸೇರಿ, ದಶಕಗಳಿಂದ ಮುಚ್ಚಿಹೋಗಿದ್ದ ಇಂಥ ಕಾಲುವೆಗಳ ಹೂಳು ಎತ್ತಿಸುತ್ತಿದ್ದಾರೆ. ಗುದ್ದಲಿ ಹಿಡಿಯುವವರಲ್ಲಿ ಎಂಬತ್ತು ದಾಟಿದ ಊರಿನ ರೈತರೂ ಇದ್ದಾರೆ, ಬೇರೆ ದೇಶಗಳಿಂದ ಬಂದವರೂ ಇದ್ದಾರೆ. ಎಲ್ಲಿ ಅಗೆಯಬೇಕೆಂದು ತೋರಿಸುವವರು ಆ ರೈತರು.

ಮೊರಿಸ್ಕೊ ತೋಡಿದ ಕಾಲುವೆ, ಉತ್ತರದಿಂದ ಬಂದ ಒಕ್ಕಲು ಕಲಿತುಕೊಂಡ ಸರದಿ, ಈಗ ಇಂಗ್ಲಿಷಿನವನೋ ಡಚ್ಚನೋ ಹಿಡಿದ ಗುದ್ದಲಿ. ಹೊರಗಿನವನು ಊರಿನವನಾಗುವುದು ಮನೆ ಕೊಂಡಾಗಲ್ಲ, ಅಲ್ಲಿನ ಬಿಸಿಲಿನ ಬಗ್ಗೆ ಚೆಂದವಾಗಿ ಬರೆದಾಗಲೂ ಅಲ್ಲ. ಪಕ್ಕದ ಮನೆಯ ಗೋಡೆಯ ಹಿಂದೆ ಯಾರಿದ್ದಾರೆಂದು ಕೇಳುವಷ್ಟು ಕಾಲ ಅಲ್ಲಿದ್ದಾಗ, ಕಾಲುವೆಯ ಹೂಳಿಗೆ ತನ್ನ ಪಾಲಿನ ಕೈ ಕೊಟ್ಟಾಗ ಅವನು ಆ ಪಟ್ಟಿಗೆ ಸೇರುತ್ತಾನೆ. ಇಷ್ಟಾದ ಮೇಲೆ ಆಗಸ್ಟಿನ ಒಂದು ರಾತ್ರಿ, ಎರಡು ಗಂಟೆಗೆ, ನೀರಗಂಟಿ ಅವನ ಬಾಗಿಲನ್ನೂ ತಟ್ಟುತ್ತಾನೆ. ನಿನ್ನ ಸರದಿ ಬಂತು, ಏಳು ಎನ್ನುತ್ತಾನೆ.